ಕಾಕಾನ ಕನ್ನಡಿ

ನಮ್ಮ ಕಾಕಾನಿಗೆ ಸೂರ್ಯನ ಮೇಲೇ ಅಧಿಕಾರವಿತ್ತು ಎಂದರೆ ನೀವು ನಗಬಹುದು. ನಗಿರಿ! ಆದರೆ ನನ್ನ ಅಪ್ಪನ ಈ ತಮ್ಮ, ಬಾದಾಮಿಯ ಗುಹೆಗಳ ಗೈಡ್, ಅಂಗೈಯಗಲದ ಕ್ಷೌರದ ಕನ್ನಡಿಯಲ್ಲಿ ಹೊರಗಿನ ಬಿಸಿಲನ್ನು ಹಿಡಿದು ಒಳಗಿನ ಕತ್ತಲೆಗೆ ಕಳಿಸುತ್ತಿದ್ದ. ಕಲ್ಲಿನ ಮುಖವೊಂದು ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಕಣ್ಣು ಬಿಡುತ್ತಿತ್ತು.

ಅವನದೊಂದೇ ಹಟ: ಬೆಳಕು ಮೂರ್ತಿಗೆ ಮುಟ್ಟಬೇಕು, ನಡುವೆ ನಿಂತ ಯಾರ ಕಣ್ಣಿಗೂ ತಾಗಬಾರದು. ಅದಕ್ಕಾಗಿ ಅಂಗಳದಲ್ಲಿ ಕೂರುವನು, ಏಳುವನು, ಕಟ್ಟೆ ಹತ್ತುವನು. ಅಷ್ಟರಲ್ಲಿ ಪ್ರವಾಸಿಗರು ಕೆಳಗಿಳಿದು, ಮಿರ್ಚಿ ಭಜಿ ತಿಂದು, ಬಸ್ಸು ಹತ್ತಿರುತ್ತಿದ್ದರು!

ನನ್ನನ್ನು ನೋಡಲು ಇಳಕಲ್ಲಿನಿಂದ ವರನ ಕಡೆಯವರು ಬಂದಾಗಲೂ ಕನ್ನಡಿ ಹೊರಬಂತು. "ನಮ್ಮ ಪಡಸಾಲ್ಯಾಗ ಬೆಳಕು ಕಡಿಮಿ. ಹುಡುಗಿ ಮಾರಿ ಚಂದಾಗಿ ಕಾಣ್ಲಿ. ಸ್ವಲ್ಪ ಸರೀರಿ... ಇನ್ನ ಸ್ವಲ್ಪ" ಎಂದು ಬೀಗರಾಗಬೇಕಾದವರನ್ನು ನಾಲ್ಕು ಸಲ ಎಬ್ಬಿಸಿದ. ಐದನೆಯ ಸಲ ಎದ್ದವರು ಹೋಗಿಯೇ ಬಿಟ್ಟರು. ಕಾಕಾನ ಚಿಂತೆಯೇ ಬೇರೆ: "ಛೇ, ಬಿಸಿಲು ಹೋತಲ್ಲ!"

ಮುಂದೆ ನಾನು ಓದಿ, ಕ್ಯಾನ್ಸರಿಗೆ ಇಂಗಾಲದ ಕಣಗಳಿಂದ ಚಿಕಿತ್ಸೆ ಕೊಡುವ ಹೊರದೇಶದ ಆಸ್ಪತ್ರೆಯೊಂದಕ್ಕೆ ಸೇರಿದೆ. ಕಿರಣ ಯಾವ ಕೋನದಿಂದ ಒಳಹೊಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. "ಅಂದ್ರ ನನ್ನ ಕೆಲಸಾನ ಮಾಡ್ತಿ ಅನ್ನು!" ಎಂದ ಕಾಕಾ, ಊರೆಲ್ಲ ಅದನ್ನೇ ಹೇಳಿಕೊಂಡು ಬಂದ.

ಆಮೇಲೆ ಕಾಕಾನಿಗೇ ಮೂಗಿನ ಹಿಂದೆ, ಕಣ್ಣಿನ ನರದ ಮಗ್ಗುಲಲ್ಲಿ ಗಡ್ಡೆಯಾಯಿತು. ನಮ್ಮ ಆಸ್ಪತ್ರೆಗೇ ಕರೆಸಿಕೊಂಡೆ. ಕಿರಣ ಹೇಳಿದಷ್ಟು ಆಳಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ, ನಿಜ. ಆದರೆ ಎದುರಿನಿಂದ ಬಿಟ್ಟರೆ ಕಣ್ಣಿಗೆ ತಾಗುವ ಭಯ, ಪಕ್ಕದಿಂದ ಬಿಟ್ಟರೆ ಮಿದುಳಿಗೆ. ಕೂತೆ, ಎದ್ದೆ, ಕೋನ ಬದಲಿಸಿದೆ. ಎರಡು ದಿನವಾದರೂ ಮನಸ್ಸು ಒಪ್ಪಲಿಲ್ಲ. ಅವನ ಕಣ್ಣು ಹೋದರೆ ಏನು ಗತಿ ಎಂದು, ಹಾಕಿದ ಲೆಕ್ಕವನ್ನೇ ಮತ್ತೆ ಮತ್ತೆ ಅಳಿಸುತ್ತಿದ್ದೆ.

"ಅವಸರ ಮಾಡಬ್ಯಾಡ ಯವ್ವಾ" ಎಂದ ಕಾಕಾ. "ನಿನ್ನ ಸೂರ್ಯ ಏನು ಮುಳುಗಂಗಿಲ್ಲಲ್ಲ!"

ಮೂರನೆಯ ದಿನ ಓರೆಯಾದ ಎರಡು ದಾರಿ ಸಿಕ್ಕವು. ಡಾಕ್ಟರರು ನೋಡಿ ಒಪ್ಪಿದರು.

ಚಿಕಿತ್ಸೆ ಮುಗಿದು ಎಷ್ಟೋ ತಿಂಗಳ ಮೇಲೆ ಬಾದಾಮಿಗೆ ಹೋದೆ. ಗುಹೆಯ ತಣ್ಣನೆಯ ಕತ್ತಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಹೊರಗೆ ಅಂಗಳದಲ್ಲಿ ಕಾಕಾ ಕೂತ, ಎದ್ದ, ಕಟ್ಟೆ ಹತ್ತಿದ. ಬೆಳಕು ಮೂರ್ತಿಯತ್ತ ಹೋಗದೆ ನನ್ನ ಕಡೆಗೇ ತೇಲಿ ಬಂತು.

"ಏನ್ ಮಾಡಾಕತ್ತಿ ಕಾಕಾ?"

"ಅಲ್ಲಾಡಬ್ಯಾಡ. ಅವತ್ತ ಬಿಸಿಲು ಹೋಗಿತ್ತು. ಇವತ್ತರೆ ನಿನ್ನ ಮಾರಿ ನೋಡ್ತೇನಿ."

ಬೆಳಕು ಕೆನ್ನೆಯ ಮೇಲೆ ಬಂದು ನಿಂತಿತು. ಕಣ್ಣಿಗೆ ಒಂದಿಷ್ಟೂ ತಾಗಲಿಲ್ಲ. ಆದರೂ ನನಗೆ ಏನೂ ಕಾಣಿಸದಾಯಿತು.