ಟೂರ್ನಮೆಂಟ್ ಗಡಿಯಾರದವರಿಗೆ, ಒಂದೇ ಒಂದು ವಿರಾಮ ಕೋರಿ

ಇವರಿಗೆ,
ಗೋಡೆಯ ಮೇಲಿನ ಗಡಿಯಾರದವರು,
ಟೂರ್ನಮೆಂಟ್ ಹಾಲ್, ಟಿನ್ ಮ್ಯೂಲ್ ಕಾರ್ಡ್ ರೂಮ್,
ಬೌಲ್ಡರ್ ಹೈವೇ, ಲಾಸ್ ವೇಗಾಸ್.

ಮಾನ್ಯರೇ,

ತಮ್ಮ ಕೆಂಪು ಅಂಕಿಗಳು ಸದಾ ಬೆಳಗುತ್ತಿರಲಿ, ತಮ್ಮ ವೈರುಗಳ ತಂಟೆಗೆ ಇಲಿಗಳು ಬಾರದಿರಲಿ, ಕರೆಂಟು ಹೋದ ಗಳಿಗೆಯಲ್ಲೂ ತಮ್ಮ ಗೌರವಕ್ಕೆ ಕುಂದು ಬಾರದಿರಲಿ ಎಂದು ಹಾರೈಸುತ್ತಾ, ಇದೇ ಕಾರ್ಡ್ ರೂಮಿನ ಆರನೇ ಟೇಬಲ್ಲಿನಲ್ಲಿ ಪೋಕರ್‌ನ ಕ್ಯಾಶ್ ಆಟ ಆಡಿ ಆಡಿಯೇ ಕೂದಲು ಬೆಳ್ಳಗಾಗಿಸಿಕೊಂಡ ಮೇವಿಸ್ ಡಂಕಲ್ ಎಂಬ ನಾನು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ: ಹೊದಿಕೆ ಹೊಲಿಯುವ ಮಹಿಳೆಯರ ಸಮ್ಮೇಳನಕ್ಕೆ ಟೂರ್ನಮೆಂಟ್ ಹಾಲನ್ನು ಬಿಟ್ಟುಕೊಟ್ಟ ಪ್ರಯುಕ್ತ ತಾವು ಬುಧವಾರದಿಂದ ಮುಖದ ಮೇಲೆ ಹೂವಿನ ಬಟ್ಟೆ ಹೊದ್ದು ವಿಶ್ರಾಂತಿಯಲ್ಲಿದ್ದೀರಿ ಎಂಬುದು ನನಗೆ ಗೊತ್ತು. ಆದರೆ ಇವತ್ತು ಸಂಜೆ ನಾಲ್ಕಕ್ಕೆ ನನ್ನ ಮದುವೆ. ಮದುಮಗ ಕುರ್ಚಿ ಬಿಟ್ಟು ಏಳುತ್ತಿಲ್ಲ. ಅವನನ್ನು ಎಬ್ಬಿಸುವ ಶಕ್ತಿ ಈ ಊರಿನಲ್ಲಿ ತಮಗೊಬ್ಬರಿಗೇ ಇರುವುದು.

ಮದುಮಗ ಬೇರೆ ಯಾರೂ ಅಲ್ಲ, ತಮ್ಮ ಪರಮ ಭಕ್ತ ವೆಂಡೆಲ್ ಪ್ರೂಯಿಟ್. ಕೆಲಸದಲ್ಲಿದ್ದಾಗ ಲಿಫ್ಟು ರಿಪೇರಿ ಮಾಡುತ್ತಿದ್ದ, ಈಗ ಟೂರ್ನಮೆಂಟ್ ಬಿಟ್ಟರೆ ಬೇರೆ ಲೋಕವಿಲ್ಲ. ತಾವು ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಾಯದ ಪಣವನ್ನು ಏರಿಸಿದಾಗ ಬೆವರಿದವನು, ತಾವು ಗಂಟೆ ಬಾರಿಸಿ ವಿರಾಮ ಎಂದಾಗ ಮಾತ್ರ ಮೂತ್ರಕ್ಕೆ ಹೋದವನು, ವಿರಾಮ ಮುಗಿಯಿತೆಂದಾಗ ಬಾಯಲ್ಲಿದ್ದ ಸ್ಯಾಂಡ್‌ವಿಚ್ಚನ್ನೂ ಅಗಿಯದೆ ಓಡಿ ಬಂದವನು. ಇಂಥವನು ಈ ವಸಂತದಲ್ಲಿ ಇಲ್ಲಿನ ಕೆಫೆಯಲ್ಲಿ ಚೆರ್ರಿ ಪೈ ತಿನ್ನುತ್ತಾ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ, ನಾನು ಆಗಲಿ ಎಂದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಪೈ ಮುಗಿಸಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ.

"ಮದುವೆ ಆದ್ಮೇಲೆ ನಿಂಗೆ ನಿಜವಾದ ಪೋಕರ್ ಕಲಿಸ್ತೀನಿ" ಅಂದ. "ನಿಮ್ಮದೂ ಒಂದು ಆಟಾನಾ? ಸೋತ್ರೆ ಜೇಬಿಗೆ ಕೈ ಹಾಕ್ತೀರ, ದುಡ್ಡು ಕೊಟ್ಟು ಮತ್ತೆ ಬಿಲ್ಲೆ ತಗೋತೀರ. ನಮ್ಮಲ್ಲಿ ಒಂದೇ ಜೀವ ಕಣೇ. ಒಂದ್ಸಲ ಎಡವಿದ್ರೆ ಕೋಟು ಹಾಕ್ಕೊಂಡು ಮನೆಗೆ."

"ಒಂದೇ ಜೀವ ಇರೋನು ಮೂರು ಕಾಸಿನ ಎಲೆ ಹಿಡ್ಕೊಂಡು ಇರೋ ಬಿಲ್ಲೆನೆಲ್ಲಾ ಪಣಕ್ಕೆ ತಳ್ತಾನೇನಯ್ಯಾ?" ಎಂದೆ ನಾನು. "ಗಡಿಯಾರ ಕಚ್ಚಿದಾಗ ಕುಣಿಯೋದನ್ನ ಜಾಣತನ ಅಂತೀಯ. ನಮ್ಮಲ್ಲಿ ಅದೇ ಮುಖಗಳು, ಅದೇ ಪಣ, ದಿನಾ. ಇವತ್ತು ನಾನು ಆಡಿದ ನಾಟಕ ನಾಳೆ ಒಬ್ಬರಿಗೂ ಮರೆತಿರಲ್ಲ. ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು, ಯಾವಾಗ ಏಳಬೇಕು, ಎಲ್ಲಾ ಗೊತ್ತಿರಬೇಕು."

ಮಾತು ಬೆಳೆದು, ನಾನು ಒಂದು ದಿನ ಅವನ ಆಟ ಆಡುವುದು, ಅವನು ಒಂದು ದಿನ ನನ್ನ ಆಟ ಆಡುವುದು, ಇಬ್ಬರೂ ಆಟ ಮುಗಿಯುವವರೆಗೆ ಆಡುವುದು, ಆಮೇಲಷ್ಟೇ ಮದುವೆ ಎಂದು ಕೈ ಕುಲುಕಿದೆವು. ಮುಗಿಯುವುದು ಎಂದರೆ ಏನು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಮೊದಲ ಸರದಿ ನನ್ನದು, ಕಳೆದ ಮಂಗಳವಾರ, ತಮ್ಮ ದಿವ್ಯ ಸನ್ನಿಧಿಯಲ್ಲಿ. ಚೆನ್ನಾಗಿಯೇ ಆಡುತ್ತಿದ್ದೆ. ಅಷ್ಟರಲ್ಲಿ ಟೇಬಲ್ಲಿಗೆ ತಂಪು ಕನ್ನಡಕದ ಇಬ್ಬರು ಚುರುಕು ಹುಡುಗರು ಬಂದು ಕುಳಿತರು. ನಮ್ಮ ಆಟದಲ್ಲಿ ನಮಗಿಂತ ಚುರುಕಾದವರು ಬಂದು ಕುಳಿತರೆ ಬುದ್ಧಿ ಇರುವವರು ಏನು ಮಾಡುತ್ತಾರೆ? ಎದ್ದು ಹೋಗುತ್ತಾರೆ. ಎಲೆ ಹಂಚುವವಳು ನಮ್ಮ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಗುಂಡಿ ಇಟ್ಟು ಕುರ್ಚಿ ಕಾಯುತ್ತಾಳೆ, ಬಿಲ್ಲೆಗಳು ಇದ್ದಲ್ಲೇ ಇರುತ್ತವೆ, ಒಂದೂ ಕಡಿಮೆಯಾಗುವುದಿಲ್ಲ. ಆ ನಂಬಿಕೆಯಿಂದ ನಾನೂ ಎದ್ದೆ. ಪೈ ತಿಂದೆ, ಕಾಫಿ ಕುಡಿದೆ, ಟೂಸಾನ್‌ನಲ್ಲಿರುವ ತಂಗಿಗೆ ಫೋನ್ ಮಾಡಿ ಅವಳ ಮಂಡಿನೋವಿನ ಕತೆಯನ್ನು ಪೂರ್ತಿ ಕೇಳಿದೆ, ಕಾರಿನಲ್ಲಿ ಒಂದು ಸಣ್ಣ ನಿದ್ದೆ ತೆಗೆದೆ. ಹುಡುಗರು ಹೋಗಿರುತ್ತಾರೆ ಎಂದು ವಾಪಸು ಬಂದರೆ ನನ್ನ ಬಿಲ್ಲೆಗಳೂ ಇಲ್ಲ, ಕುರ್ಚಿಯೂ ಇಲ್ಲ. ಟೂರ್ನಮೆಂಟ್ ಹಾಲಿನ ಉಸ್ತುವಾರಿ ನೋಡುವ ಡಾಯ್ಲ್‌ನನ್ನು ಹಿಡಿದು ಕೇಳಿದೆ.

"ನನ್ನ ಬಿಲ್ಲೆ ಎಲ್ಲಪ್ಪಾ?"

"ಗಡಿಯಾರ ತಿಂತು, ಮಿಸ್ ಮೇವಿಸ್."

"ನಾನು ಪೈ ತಿಂತಿದ್ದೆ ಕಣಯ್ಯಾ!"

"ಅದೂ ತಿಂತಾ ಇತ್ತು. ನೀವು ಇಲ್ಲದಿದ್ರೂ ಪ್ರತಿ ಸುತ್ತಿಗೂ ನಿಮ್ಮ ಪಾಲಿನ ಪಣ ಹೋಗ್ತಾ ಇರುತ್ತೆ."

ಇದಕ್ಕಾಗಿ ನಾನು ತಮ್ಮನ್ನು ದೂರುತ್ತಿಲ್ಲ, ಮಾನ್ಯರೇ. ಹೊಗಳುತ್ತಿದ್ದೇನೆ. ಯಾಕೆಂದರೆ ಆಮೇಲೆ ಡಾಯ್ಲ್ ತಲೆ ಕೆರೆದುಕೊಂಡು ಇನ್ನೊಂದು ವಿಷಯ ಹೇಳಿದ: ನಾನು ಹೊರಗಿದ್ದಷ್ಟು ಹೊತ್ತಿನಲ್ಲಿ, ಹಣೆ ಗಂಟಿಕ್ಕಿ ಲೆಕ್ಕ ಹಾಕುತ್ತಾ ಆಡುತ್ತಿದ್ದ ಹನ್ನೊಂದು ಮಂದಿ ಔಟಾಗಿ ಮನೆಗೆ ಹೋದರಂತೆ, ಆ ಇಬ್ಬರು ಚುರುಕು ಹುಡುಗರೂ ಸೇರಿ. ಅಷ್ಟು ಜನರಿಗಿಂತ ನನ್ನ ಖಾಲಿ ಕುರ್ಚಿ ಹೆಚ್ಚು ಹೊತ್ತು ಬದುಕಿತ್ತು. ಟೂರ್ನಮೆಂಟ್ ಆಟಕ್ಕೆ ಬೇಕಾದ ಕೌಶಲ್ಯ ಎಷ್ಟು ಉನ್ನತವಾದದ್ದು ಎಂಬುದು ನನಗೆ ಮನವರಿಕೆಯಾದದ್ದೇ ಆಗ. ದಯಮಾಡಿ ಆ ಕುರ್ಚಿಗೆ ತಮ್ಮ ಹಸ್ತದಿಂದ ಒಂದು ಪ್ರಶಸ್ತಿ ಪತ್ರ ಕೊಡಬೇಕು, ಮುಂದಿನ ಚಾಂಪಿಯನ್‌ಶಿಪ್ಪಿಗೆ ಅದನ್ನು ನೇರವಾಗಿ ಆಯ್ಕೆ ಮಾಡಬೇಕು, ತಮಗೆ ಹಸ್ತ ಇಲ್ಲ ಎಂಬ ನೆಪ ಹೇಳಬಾರದು.

ಮರುದಿನ ವೆಂಡೆಲ್‌ನ ಸರದಿ. ನನ್ನ ಆರನೇ ಟೇಬಲ್ಲಿನಲ್ಲಿ, ಹಗಲೂ ರಾತ್ರಿ ಬಾಗಿಲು ಹಾಕದ ಆಟದಲ್ಲಿ, ಇಸ್ತ್ರಿ ಮಾಡಿದ ಶರಟು ತೊಟ್ಟು ಕುಳಿತ. ಸ್ವಲ್ಪ ಹೊತ್ತಿನಲ್ಲೇ ಲೈಲ್ ಎಂಬ ನಲ್ಲಿ ರಿಪೇರಿಯವನ ಬಿಲ್ಲೆಗಳನ್ನೆಲ್ಲ ಗೆದ್ದ. ತಮ್ಮ ಹಾಲಿನಲ್ಲಿ ಔಟಾದವರಿಗೆ ಮಾಡುವ ಮರ್ಯಾದೆಯಂತೆ ಎದ್ದು ನಿಂತು, ಲೈಲ್‌ನ ಕೈ ಕುಲುಕಿ, "ಚೆನ್ನಾಗಿ ಆಡಿದ್ರಿ, ಹುಷಾರಾಗಿ ಹೋಗಿ ಬನ್ನಿ" ಎಂದ. ಲೈಲ್ ಅವನ ಮುಖ ನೋಡಿದ, ಜೇಬಿನಿಂದ ನೂರರ ನೋಟು ತೆಗೆದ, ಹೊಸ ಬಿಲ್ಲೆ ಕೊಂಡ, ಕುಳಿತ.

ವೆಂಡೆಲ್ ಬೆಚ್ಚಿಬಿದ್ದು ಎಲೆ ಹಂಚುವ ತುಯೆಟ್ ಕಡೆ ತಿರುಗಿದ. "ಇವನು ಸತ್ತಿದ್ದನಲ್ಲಮ್ಮಾ!"

"ಇಲ್ಲಿ ಯಾರೂ ಸಾಯಲ್ಲ, ವೆಂಡೆಲ್ ಸಾರ್" ಎಂದಳು ತುಯೆಟ್. "ನಿಮಗೆ ಸಾಕು ಅನ್ಸಿದ್ರೆ ಬಿಲ್ಲೆ ತಗೊಂಡು ಎದ್ದು ಹೋಗ್ಬೋದು. ಕ್ಯಾಷಿಯರ್ ದುಡ್ಡು ಕೊಡ್ತಾರೆ."

"ಗೆಲ್ಲೋಕೆ ಮುಂಚೆನಾ? ಬಿಲ್ಲೆ ಇಟ್ಕೊಂಡು ಎದ್ದು ಹೋಗೋದಾ? ನನ್ನನ್ನ ಏನಂದ್ಕೊಂಡಿದ್ದೀಯಮ್ಮಾ?"

ಅಂದು ಕುಳಿತವನು ಇಂದಿಗೂ ಎದ್ದಿಲ್ಲ. ಯಾರಾದರೂ ಊಟಕ್ಕೋ ಮನೆಗೋ ಹೊರಟರೆ ಒಬ್ಬ ಔಟಾದ ಎಂದು ತಿಳಿದು, ನನ್ನತ್ತ ಹೆಬ್ಬೆರಳೆತ್ತಿ, "ಇನ್ನು ಎಂಟೇ ಜನ ಉಳಿದಿದ್ದಾರೆ, ಮೇವಿಸ್!" ಎನ್ನುತ್ತಾನೆ. ಆ ಕುರ್ಚಿಗೆ ಕಾಯುತ್ತಿದ್ದ ಇನ್ನೊಬ್ಬ ಬಂದು ಕೂರುತ್ತಾನೆ. ಅವನ ಹಿಂದೆ ಇನ್ನೊಬ್ಬ. ಬುಧವಾರದಿಂದ ಎಂಟೇ ಜನ ಉಳಿದಿದ್ದಾರೆ. ತುಯೆಟ್‌ಳ ಪಾಳಿ ಮುಗಿದು ಎಲೆ ಹಂಚಲು ಇನ್ನೊಬ್ಬರು ಬರುವಾಗ ಕುಳಿತಲ್ಲೇ ತೂಕಡಿಸುತ್ತಾನೆ, ಬಚ್ಚಲಿಗೆ ಮಾತ್ರ ಓಡಿ ಹೋಗಿ ಓಡಿ ಬಂದು, ಯಾರಾದರೂ ತನ್ನ ಬಿಲ್ಲೆ ತಿಂದರೇನೋ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ. ಕ್ಷೌರದವನು ಟೇಬಲ್ಲಿಗೇ ಬಂದು ಕೂದಲು ಕತ್ತರಿಸಿದ. ಮದುವೆಯ ಸೂಟಿನ ಅಳತೆಗೆ ಬಂದ ದರ್ಜಿ ತೋಳುಗಳನ್ನು ಅಳೆದ, ಏಳಿ ಎಂದ, ಇವನು ಏಳಲಿಲ್ಲ, ಕೊನೆಗೆ ಪ್ಯಾಂಟಿನ ಉದ್ದವನ್ನು ಟೇಬಲ್ಲಿನ ಕಾಲು ನೋಡಿ ಅಂದಾಜು ಮಾಡಿದ.

ನಾನೇನು ಸುಮ್ಮನೆ ಕುಳಿತಿರಲಿಲ್ಲ. ಬೇಡಿದೆ, ಬೈದೆ, ಸತ್ಯ ಹೇಳಿದೆ. "ಮುಗಿಯೋ ಆಟ ಅಲ್ಲ ಕಣೋ ಇದು, ಹದಿನಾಲ್ಕು ವರ್ಷದಿಂದ ನಿಂತೇ ಇಲ್ಲ!" ಎಂದರೆ, "ಹಾಗಾದ್ರೆ ಮುಗಿಸೋನು ಇವತ್ತು ಬಂದಿದ್ದಾನೆ" ಎಂದ. ನಿನ್ನೆ ಕೆಫೆಯ ಮೈಕ್ರೋವೇವನ್ನು ತಳ್ಳುಗಾಡಿಯಲ್ಲಿ ತಂದು ಅವನ ಬೆನ್ನ ಹಿಂದೆ ಕೂಗಿಸಿದೆ. ಅರ್ಧ ಎದ್ದ. ತಿರುಗಿ ನೋಡಿ, "ಇದು ನಮ್ಮ ಗಡಿಯಾರ ಅಲ್ಲ" ಎಂದು ಮತ್ತೆ ಕುಳಿತ. ಆದ್ದರಿಂದ ತಾವು ಬಟ್ಟೆ ಸರಿಸಿ ಒಮ್ಮೆ ಗಂಟೆ ಬಾರಿಸಬೇಕು. ಅದಾಗದಿದ್ದರೆ ಗೋಡೆಯಿಂದಿಳಿದು, ಹೊಲಿಯುವ ಮಹಿಳೆಯರ ಕ್ಷಮೆ ಕೇಳಿ, ಆರನೇ ಟೇಬಲ್ಲಿಗೆ ಬರಬೇಕು. ಮದುವೆಯಾಗಲು ಹದಿನೈದು ನಿಮಿಷ ವಿರಾಮ ಎಂದು ತಮ್ಮ ಕೆಂಪು ಅಂಕಿಗಳಲ್ಲಿ ತೋರಿಸಬೇಕು.

ಇಲ್ಲಿಯವರೆಗೆ ಬರೆದು, ಕೆಫೆಯ ಕಿಟಕಿಯಿಂದ ಅವನ ಬೆನ್ನನ್ನು ನೋಡುತ್ತಾ ಕುಳಿತೆ. ಕೋಪ ಬಂದಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು.

ಮಾನ್ಯರೇ, ನನ್ನ ಜಾಣತನವೆಲ್ಲ ಎದ್ದು ಹೋಗುವುದರಲ್ಲಿದೆ. ಲಾಭದಲ್ಲಿರುವಾಗಲೇ ಎದ್ದು ಹೋಗುವುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಹೈವೇಯಲ್ಲಿ ಇಲ್ಲ. ಮೂರು ಮದುವೆಗಳಿಂದಲೂ ಹಾಗೇ ಎದ್ದು ಬಂದೆ, ಕೆಡುವ ಮೊದಲೇ, ನಗುನಗುತ್ತಾ, ಎಲ್ಲರೂ ಮೆಚ್ಚಿದರು. ವೆಂಡೆಲ್‌ಗೆ ಆ ವಿದ್ಯೆ ಗೊತ್ತೇ ಇಲ್ಲ. ಅವನ ಮೊದಲ ಹೆಂಡತಿ ನಾರ್ಮಾ ಹಾಸಿಗೆ ಹಿಡಿದು, ಕೊನೆಗೆ ಇವನ ಹೆಸರನ್ನೂ ಮರೆತಿದ್ದಳು. ಸ್ನೇಹಿತರೆಲ್ಲ ಒಳ್ಳೆಯ ಮನಸ್ಸಿನಿಂದಲೇ, ಆಸ್ಪತ್ರೆಗೆ ಸೇರಿಸಿ ನಿನ್ನ ಬದುಕು ನೋಡಿಕೋ ಎಂದರಂತೆ. ಇವನು ಅವಳ ಪಕ್ಕದ ಕುರ್ಚಿ ಬಿಡಲಿಲ್ಲ. ಅವಳು ಹೋಗುವವರೆಗೂ ಬಿಡಲಿಲ್ಲ. ಅವನು ನನ್ನ ಟೇಬಲ್ಲಿನಿಂದ ಏಳಲಾರ ಎಂದು ನಾನು ಊರಿಗೆಲ್ಲ ದೂರುತ್ತಿದ್ದೇನೆ. ನಾನು ಅವನ ಪಕ್ಕದಿಂದ ಎದ್ದುಬಿಟ್ಟೇನು ಎಂಬ ಭಯ ನನಗೆ ಒಳಗೊಳಗೇ ಇದೆ. ಯಾವ ಆಟಕ್ಕೆ ಹೆಚ್ಚು ಕೌಶಲ್ಯ ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ನಿನ್ನೆಯವರೆಗೆ ಒಂದಿತ್ತು, ಈಗ ಇನ್ನೊಂದಾಗಿದೆ.

ಹೀಗಾಗಿ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ. ಅವನ ಎಡಗಡೆಯ ಕುರ್ಚಿಗೆ ಹೆಸರು ಬರೆಸಿದ್ದೇನೆ. ಚಾಪೆಲ್ಲಿನ ಪಾದ್ರಿಗೆ ನಾಲ್ಕಕ್ಕೆ ಇಲ್ಲಿಗೇ ಬರಲು ಹೇಳಿದ್ದೇನೆ. ತಾವು ಮಲಗಿಯೇ ಇರಿ, ಹೂವಿನ ಬಟ್ಟೆ ತಮಗೆ ಒಪ್ಪುತ್ತದೆ.

ಎಷ್ಟು ಹೊತ್ತಾದರೂ ಕೂರಲು ಕಲಿಯುತ್ತಿರುವ,
ತಮ್ಮ ವಿಶ್ವಾಸಿ,
ಮೇವಿಸ್ ಡಂಕಲ್

ಆಮೇಲೆ ಸೇರಿಸಿದ್ದು: ಪಾದ್ರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ತುಯೆಟ್ ಎಲೆ ಹಂಚುವುದನ್ನು ನಿಲ್ಲಿಸಿದಳು. ಲೈಲ್ ಟೋಪಿ ತೆಗೆದ. ಸಾವು ಅಗಲಿಸುವವರೆಗೂ ಜೊತೆಗಿರುತ್ತೀರಾ ಎಂದು ಪಾದ್ರಿ ಕೇಳಿದಾಗ, ನಾನು ಮೊದಲ ಸಲ ಯೋಚಿಸದೆ ಹೂಂ ಎಂದೆ. ವೆಂಡೆಲ್ ತನಗೆ ತಿಳಿದ ಭಾಷೆಯಲ್ಲಿ, "ಇಬ್ಬರಲ್ಲಿ ಒಬ್ಬರು ಔಟಾಗೋವರೆಗೂ" ಎಂದ. ಆ ಗಳಿಗೆಗೇ, ಸಮ್ಮೇಳನ ಮುಗಿದು ಬಟ್ಟೆ ತೆಗೆಸಿಕೊಂಡಿದ್ದ ತಾವು, ಯಾರೂ ಕೋರದಿದ್ದರೂ, ಶಕ್ತಿಮೀರಿ ವಿರಾಮದ ಗಂಟೆ ಬಾರಿಸಿದಿರಿ. ಅವನು ನನ್ನ ಕೈಯನ್ನು ಹಿಡಿದೇ ಇದ್ದ. "ಗಡಿಯಾರ ಹೊಡೀತಲ್ಲ ವೆಂಡೆಲ್ ಸಾರ್, ಏಳಲ್ವಾ?" ಎಂದಳು ತುಯೆಟ್. ಅವನು ನಿಜವಾಗಿಯೂ ಗೊತ್ತಾಗದವನಂತೆ ಅವಳ ಮುಖ ನೋಡಿ ಕೇಳಿದ:

"ಯಾವ ಗಡಿಯಾರ?"