ಇಂಟರ್ವಲ್ಲಿನ ನಂತರದ ಗೊರಿಲ್ಲಾ

ಸಿನಿಮಾ ವಿಚಾರದಲ್ಲಿ ನಾನು ಅಭಿಪ್ರಾಯ ಉಳ್ಳವನು. ನಮ್ಮ ಜೋಗೇಶ್ವರಿಯ ಚಾಳಿನಲ್ಲಿ ಅಭಿಪ್ರಾಯ ಉಳ್ಳವರಿಗೇನೂ ಕಡಿಮೆಯಿಲ್ಲ. ಆದರೆ ನಳ್ಳಿಯ ಮುಂದೆ ಸಾಲು ನಿಂತಾಗ ಕೊಡಪಾನ ಕೆಳಗಿಟ್ಟು, 'ಬಿ.ಎ. ಆದವರು ಎಂತ ಹೇಳ್ತಾರೆ ಕೇಳುವ' ಎಂದು ಜನ ಕಾಯುವುದು ನನ್ನೊಬ್ಬನ ಅಭಿಪ್ರಾಯಕ್ಕೆ. ಆ ಬಿ.ಎ. ನಮ್ಮ ಒಂದೇ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ದೇವರ ಪಟದ ಪಕ್ಕದಲ್ಲಿ ತೂಗುತ್ತಿದೆ. ನಮ್ಮಪ್ಪ ಇವತ್ತಿಗೂ ಹೆಬ್ಬೆಟ್ಟು ಒತ್ತುವವರು. ಅವರ ಅಪ್ಪನಿಗೆ ಹೆಬ್ಬೆಟ್ಟು ಕೇಳಿದವರೂ ಇರಲಿಲ್ಲ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬೆಳಗಿನ ಕಾಲೇಜಿನಲ್ಲಿ ತೂಕಡಿಸುತ್ತ ಸಂಪಾದಿಸಿದ ಪದವಿ ಅದು. ಹಾಗಾಗಿ ಅದರ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ಇಲ್ಲ ಎಂದರೆ ನನ್ನ ಹೆಂಡತಿ ನಗುತ್ತಾಳೆ.

ಇಷ್ಟು ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆಯನ್ನೂ ಮುಗಿಸಿಬಿಡುತ್ತೇನೆ. ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೆ ನಾನು ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ.

ಬೈಕುಲ್ಲಾದ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಕೆಲಸದವರಿಗೆ ಸರದಿಯ ಮೇಲೆ ಬಿಡುವು. ನನ್ನ ಬಿಡುವು ಮೂರರಿಂದ ನಾಲ್ಕೂಕಾಲು. ಹಿಟ್ಟು ರುಬ್ಬುವ ಶೀನಣ್ಣನದು ನಾಲ್ಕೂಕಾಲರಿಂದ ಮುಂದಕ್ಕೆ. ಎದುರುಗಡೆಯ ಥಿಯೇಟರಿನ ಮ್ಯಾಟಿನಿ ಶುರುವಾಗುವುದು ಮೂರಕ್ಕೆ, ಇಂಟರ್ವಲ್ ಬಿಡುವುದು ನಾಲ್ಕೂಕಾಲಿಗೆ. ಇದನ್ನು ನೋಡಿದರೆ ಹೋಟೆಲಿನ ಯಜಮಾನರೂ ಥಿಯೇಟರಿನ ಯಜಮಾನರೂ ಕೂತು ಮಾತಾಡಿಕೊಂಡಿದ್ದರೇನೋ ಅನ್ನಿಸುತ್ತದೆ. ಇಬ್ಬರಿಗೂ ಸೇರಿ ಒಂದೇ ಟಿಕೆಟ್. ಇಂಟರ್ವಲ್ಲಿನಲ್ಲಿ ಹೊರಗೆ ಬರುವವರಿಗೆ ಗೇಟಿನವನು ಒಂದು ಪಾಸು ಕೊಡುತ್ತಿದ್ದ. ನಾನು ಆ ಪಾಸನ್ನು ಬಾಗಿಲಲ್ಲಿ ಶೀನಣ್ಣನ ಕೈಗಿಟ್ಟು, ಅಲ್ಲಿಯವರೆಗಿನ ಕತೆಯನ್ನು ಎರಡು ನಿಮಿಷದಲ್ಲಿ ಹೇಳಿ, ಚಹಾದ ಗಿರಾಕಿಗಳತ್ತ ಓಡುತ್ತಿದ್ದೆ. ಒಳಗೆ ಹೋಗುವ ಮುಖ ಬೇರೆ ಎಂಬುದು ಗೇಟಿನವನಿಗೆ ಗೊತ್ತಿತ್ತು. ಆದರೆ ಅವನ ಲೆಕ್ಕದಲ್ಲಿ ಒಂದು ಪಾಸಿಗೆ ಒಂದು ತಲೆ. ಯಾರ ತಲೆ ಎಂಬುದು ಅವನ ಇಲಾಖೆಯಲ್ಲ. ಸಂಜೆ ಈರುಳ್ಳಿ ಹೆಚ್ಚುವಾಗ ಶೀನಣ್ಣ ಉಳಿದರ್ಧ ಕತೆಯನ್ನು ನನಗೆ ಹೇಳುತ್ತಿದ್ದ. ಐದು ವರ್ಷ ಹೀಗೆ ನಡೆಯಿತು.

ಮೊದಲರ್ಧ ನನಗೆ, ಕೊನೆಯರ್ಧ ತನಗೆ ಎಂದು ಹಂಚಿದವನು ಶೀನಣ್ಣನೇ. 'ನೀನು ಓದುವವ, ಆರಂಭ ಸರಿಯಾಗಿ ತಿಳ್ಕೋ. ನನಗೆ ಹೇಗಾದ್ರೂ ನಡೀತದೆ' ಎಂದಿದ್ದ. ದೊಡ್ಡ ಮನಸ್ಸು ಎಂದುಕೊಂಡೆ. ಅವನದು ಒಂದೇ ಷರತ್ತು. 'ಸೀಟು ಮಾತ್ರ ಫ್ಯಾನಿನ ಕೆಳಗೇ ಹಿಡಿ ಮಾರಾಯ. ಫ್ಯಾನು ಇಲ್ಲದಿದ್ರೆ ನನಗೆ ಕತೆ ತಲೆಗೆ ಹೋಗೂದಿಲ್ಲ.'

ಆ ಥಿಯೇಟರಿಗೆ ದೊಡ್ಡ ನಟರ ಚಿತ್ರಗಳು ಬರುತ್ತಿರಲಿಲ್ಲ. ಬೇರೆಲ್ಲೂ ಜಾಗ ಸಿಗದ ಚಿತ್ರಗಳು ಬಂದು, ಒಂದು ವಾರ ಇದ್ದು, ಮತ್ತೆಂದೂ ಕಾಣಿಸಿಕೊಳ್ಳದೆ ಹೋಗುತ್ತಿದ್ದವು. ಚಂದ್ರನ ಮೇಲಿನ ರಾಜ ಡಾಲ್ಡಾ ಡಬ್ಬದ ತಗಡಿನ ಕಿರೀಟ ಇಟ್ಟುಕೊಂಡು ಹಿಂದಿಯಲ್ಲಿ ಅಪ್ಪಣೆ ಕೊಡುತ್ತಿದ್ದ. ಕುದುರೆಯೇ ಪತ್ತೇದಾರನಾಗಿ, ಗೊರಸಿನಿಂದ ಮರಳಿನ ಮೇಲೆ ಕೊಲೆಗಾರನ ಚಿತ್ರ ಬಿಡಿಸುತ್ತಿತ್ತು. ನಾಯಕ ಒರಗಿದರೆ ಗುಹೆಯ ಬಂಡೆ ಹಿಂದಕ್ಕೆ ಸರಿಯುತ್ತಿತ್ತು. ವಿಜ್ಞಾನಿಯ ಪ್ರಯೋಗಶಾಲೆಯ ಬಣ್ಣದ ಬಾಟಲಿಗಳು ನಮ್ಮ ಹೋಟೆಲಿನ ಶರಬತ್ತಿನ ಬಾಟಲಿಗಳ ದಾಯಾದಿಗಳಂತೆ ಕಾಣುತ್ತಿದ್ದವು. ಓದಿದವರು ಇಂಥವನ್ನು ನೋಡಿ ನಗುತ್ತಾರೆ. ನನಗೆ ಇವುಗಳ ಮೇಲೆ ಗೌರವ. ದೊಡ್ಡ ಚಿತ್ರದವರು ಸುಳ್ಳಿನ ಮೇಲೆ ಹಣ ಸುರಿದು, ಅದು ನಿಜ ಎಂದು ನಂಬಿಸುತ್ತಾರೆ. ಈ ಬಡಪಾಯಿಗಳು ಸುಳ್ಳನ್ನು ಸುಳ್ಳಾಗಿಯೇ ಎದುರಿಗಿಟ್ಟು, 'ನಮ್ಮ ಕೈಲಾದದ್ದು ಇಷ್ಟು, ಉಳಿದದ್ದು ನೀವು ನೋಡಿಕೊಳ್ಳಿ' ಎಂದು ಕೈ ಮುಗಿಯುತ್ತಾರೆ. ನಾನು ನೋಡಿಕೊಳ್ಳುತ್ತಿದ್ದೆ.

ಇವುಗಳಲ್ಲೆಲ್ಲ ನನ್ನ ಮನಸ್ಸಿನಲ್ಲಿ ನಿಂತದ್ದು ಗೊರಿಲ್ಲಾ ಹೃದಯದ ಚಿತ್ರ. ಕುಸ್ತಿಯಲ್ಲಿ ಬಿದ್ದು ಸಾಯುತ್ತಿರುವ ಪೈಲ್ವಾನನ ಎದೆಗೆ ಒಬ್ಬ ಡಾಕ್ಟರು ಗೊರಿಲ್ಲಾದ ಹೃದಯ ಹೊಲಿಯುತ್ತಾನೆ. ಪೈಲ್ವಾನ ಬದುಕುತ್ತಾನೆ, ಆದರೆ ಪ್ರೇಯಸಿಯ ಮುಂದೆ ಎದೆ ಬಡಿದುಕೊಳ್ಳುತ್ತಾನೆ, ಬಾಳೆಗೊನೆ ಕಂಡರೆ ಹಾಡು ಮರೆಯುತ್ತಾನೆ. ಕೊನೆಗೆ ಡಾಕ್ಟರನ್ನು ಕಂಕುಳಲ್ಲಿ ಅವುಚಿಕೊಂಡು ಗಡಿಯಾರದ ಗೋಪುರ ಹತ್ತುತ್ತಾನೆ. ಅಲ್ಲಿಗೆ ಇಂಟರ್ವಲ್. ಮುಂದಿನದನ್ನು ಶೀನಣ್ಣ ಅವತ್ತು ಸಂಜೆ ಹೇಳಿದ. ಪೈಲ್ವಾನ ಗೋಪುರದ ತುದಿಯಲ್ಲಿ ಡಾಕ್ಟರನ್ನು ಮೆಲ್ಲನೆ ಕೆಳಗಿಳಿಸಿ, 'ಈ ಹೃದಯ ಯಾರನ್ನೋ ನೆನೆದು ಅಳ್ತಾ ಉಂಟು, ಯಾರನ್ನು ಅಂತ ಹೇಳು' ಎಂದು ಕೇಳುತ್ತಾನೆ. ಸತ್ತ ಗೊರಿಲ್ಲಾದ ಹೆಂಡತಿ ಪ್ರಾಣಿಸಂಗ್ರಹಾಲಯದಲ್ಲಿ ಅನ್ನ ಬಿಟ್ಟು ಕೂತಿರುತ್ತದೆ. ಪೈಲ್ವಾನ ಹೋಗಿ ಆ ಬೋನಿನ ಒಳಗೆ ಅದರ ಪಕ್ಕದಲ್ಲಿ ಕೂರುತ್ತಾನೆ. ಒಳಗಿನಿಂದ ತಾನೇ ಚಿಲಕ ಹಾಕಿಕೊಳ್ಳುತ್ತಾನೆ. ಪ್ರೇಯಸಿ ಪ್ರತಿ ಭಾನುವಾರ ಟಿಕೆಟ್ ತೆಗೆದು ನೋಡಲು ಬರುತ್ತಾಳೆ. ಅವನು ಸರಳಿನ ನಡುವಿನಿಂದ ಅವಳಿಗೊಂದು ಬಾಳೆಹಣ್ಣು ಕೊಡುತ್ತಾನೆ. ಅಷ್ಟೇ, ಮುಗಿಯಿತು. ನಾನು ಅವತ್ತು ಅತ್ತೆ. ಈರುಳ್ಳಿ ಅಡ್ಡವಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಎಪ್ಪತ್ತನೆಯ ಇಸವಿಯಲ್ಲಿ ಪದವಿ ಮುಗಿದು ಫೋರ್ಟ್ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಭಾನುವಾರಗಳಂದು ಪೂರ್ತಿ ಸಿನಿಮಾ ನೋಡತೊಡಗಿದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಮೊದಲರ್ಧ ಎಂದಿನ ಹಾಗೆಯೇ ಇದೆ. ಇಂಟರ್ವಲ್ ಆದದ್ದೇ ಚಿತ್ರ ಸಪ್ಪೆಯಾಗುತ್ತದೆ. ಪೊಲೀಸರು ಬರುತ್ತಾರೆ, ಕಳೆದುಹೋದ ಅಣ್ಣ ಸಿಗುತ್ತಾನೆ, ಮದುವೆಯಾಗುತ್ತದೆ. ಎಪ್ಪತ್ತರ ನಂತರ ಭಾರತೀಯ ಚಿತ್ರಗಳ ಉತ್ತರಾರ್ಧ ಕೆಟ್ಟುಹೋಗಿದೆ ಎಂಬ ಸಿದ್ಧಾಂತಕ್ಕೆ ಬಂದೆ. ಅದನ್ನು ನಳ್ಳಿಯ ಬಳಿ ಮಂಡಿಸಿದೆ. ಯಾರೂ ವಿರೋಧಿಸಲಿಲ್ಲ.

ಮಾಟುಂಗದ ಕನ್ನಡ ಸಂಘಕ್ಕೆ ಸದಸ್ಯನಾದದ್ದೂ ಆಗಲೇ. ಅಲ್ಲಿ ಡಾಕ್ಟರು, ವಕೀಲರು, ಬ್ಯಾಂಕಿನ ಅಧಿಕಾರಿಗಳು. ಅವರ ತಂದೆಯಂದಿರೂ ಪದವೀಧರರು. ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತ ವಿದೇಶದ ಚಿತ್ರಗಳ ಬಗ್ಗೆ, ಹೊಸ ಅಲೆಯ ಬಗ್ಗೆ ಮಾತಾಡುತ್ತಿದ್ದರು. ಎಂಟು ತಿಂಗಳು ನಾನು ಕಾಫಿಯನ್ನಷ್ಟೇ ಕುಡಿದೆ. ಒಂದು ದಿನ ಧೈರ್ಯ ಮಾಡಿ ಗೊರಿಲ್ಲಾ ಹೃದಯದ ಕತೆ ಹೇಳಿದೆ. ಬಾಳೆಹಣ್ಣಿಗೆ ಬರುವಾಗ ಎಲ್ಲರ ಲೋಟವೂ ಅರ್ಧ ದಾರಿಯಲ್ಲಿ ನಿಂತಿತ್ತು.

'ಇದು ನಿಜವಾಗಿ ಹಿಂದಿಯಲ್ಲಿ ಬಂದದ್ದೇ?' ಎಂದರು ಅಧ್ಯಕ್ಷರಾದ ಡಾಕ್ಟರು. 'ಇಂಥದನ್ನು ನಮ್ಮವರು ತೆಗೆದಿದ್ದಾರೆ, ನಮಗೇ ಗೊತ್ತಿಲ್ಲ ನೋಡಿ.'

ಸಂಘದಲ್ಲಿ ಚಿತ್ರಶಾಖೆಯೊಂದನ್ನು ತೆರೆಯುವ ಯೋಚನೆ ಅವರಿಗೆ ಮೊದಲೇ ಇತ್ತು. ಮೊದಲ ಪ್ರದರ್ಶನಕ್ಕೆ ಇದೇ ಚಿತ್ರ ತರಿಸುವುದು, ನಾನೇ ಪರಿಚಯ ಭಾಷಣ ಮಾಡುವುದು, ಎಲ್ಲ ಸರಿಹೋದರೆ ನನ್ನನ್ನೇ ಸಂಚಾಲಕನಾಗಿ ಮಾಡುವುದು ಎಂದು ತೀರ್ಮಾನವಾಯಿತು. ಆಮಂತ್ರಣ ಪತ್ರಿಕೆ ಅಚ್ಚಾಯಿತು. ನನ್ನ ಹೆಸರಿನ ಮುಂದೆ ಬಿ.ಎ. ಎಂದಿತ್ತು. ಅಚ್ಚಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಒಂದು ಪ್ರತಿಯನ್ನು ಊರಿಗೆ ಕಳಿಸಿದೆ. ಊರಿನ ಮಾಸ್ತರು ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದರಂತೆ. ಮೂರನೆಯ ಸಲ ಅಪ್ಪ ಬೆರಳಿಟ್ಟು, 'ಈ ಎರಡು ಅಕ್ಷರವಾ ಅವನು ಕಲಿತದ್ದು?' ಎಂದು ಕೇಳಿದರಂತೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭಾಂಗಣ ತುಂಬಿತ್ತು. ನಾನು ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಿಂತು, 'ಇದರ ಕೊನೆಯ ಹತ್ತು ನಿಮಿಷಕ್ಕಾಗಿಯೇ ಈ ಚಿತ್ರವನ್ನು ನೋಡಬೇಕು, ಯಾರೂ ನಡುವೆ ಏಳಬಾರದು' ಎಂದೆ. ಮೊದಲರ್ಧ ನನ್ನ ನೆನಪಿನಂತೆಯೇ ಅಕ್ಷರಶಃ ನಡೆಯಿತು. ಗೋಳಿಬಜೆ ತಿನ್ನುತ್ತ ಎಲ್ಲರೂ ನನ್ನ ಬೆನ್ನು ತಟ್ಟಿದರು. ಆಮೇಲೆ ದೀಪ ಆರಿತು, ಜೀವನದಲ್ಲಿ ಮೊದಲ ಬಾರಿಗೆ ನಾನು ಆ ಚಿತ್ರದ ಉತ್ತರಾರ್ಧ ನೋಡಲು ಕೂತೆ.

ಪೈಲ್ವಾನ ಗೋಪುರದಿಂದ ಜಾರಿ ಹುಲ್ಲಿನ ಗಾಡಿಯ ಮೇಲೆ ಬಿದ್ದ. ಒಂದು ಹಾಡಾಯಿತು. ಡಾಕ್ಟರನ ಸಹಾಯಕನೇ ಕಳ್ಳನೋಟಿನ ದಂಧೆಯವನು ಎಂದು ಗೊತ್ತಾಯಿತು. ಇನ್ನೊಂದು ಹಾಡಾಯಿತು. ನಾನು ಬೋನಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಪಿಸುಗುಟ್ಟಿದಳು: 'ಆ ಗೊರಿಲ್ಲಾದ ಹೆಂಡತಿ ಯಾವಾಗ ಬರೂದು?'

'ಈಗ ಬರ್ತದೆ.'

'ಹಾಗಾದ್ರೆ ಈ ಪೊಲೀಸಿನವರು ಯಾಕೆ ಬಂದದ್ದು?'

ಪೈಲ್ವಾನನ ಎದೆಯಲ್ಲಿ ಇದ್ದದ್ದು ಅವನದೇ ಹೃದಯ, ಗೊರಿಲ್ಲಾದ ಮಾತೆಲ್ಲ ಆ ಸಹಾಯಕ ಹಬ್ಬಿಸಿದ ಸುಳ್ಳು ಎಂದು ತಿಳಿದು, ಎಲ್ಲರೂ ಸಾಲಾಗಿ ನಿಂತು ನಕ್ಕು, ಮದುವೆಯಾಗಿ, ದೀಪ ಹತ್ತಿತು.

ಜನ ನನ್ನತ್ತ ತಿರುಗಿದರು. ಯಾರೂ ಬಯ್ಯಲಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು. ಡಾಕ್ಟರು ತಾವೇ ನನಗೊಂದು ದಾರಿ ತೋರಿಸಿದರು. 'ಸೆನ್ಸಾರಿನವರು ಆ ಭಾಗವನ್ನು ಕತ್ತರಿಸಿ, ಇದನ್ನು ಅಂಟಿಸಿರಬೇಕು. ಅಲ್ಲವೇ?'

'ಇರಬಹುದು' ಎಂದೆ. ಐದಕ್ಷರದ ಸುಳ್ಳು.

ಅದರ ಫಲ ಕೂಡಲೇ ಸಿಕ್ಕಿತು. ಮೂಲ ಪ್ರತಿಯನ್ನು ಕಳಿಸಿಕೊಡುವಂತೆ ವಿತರಕರಿಗೆ ಸಂಘದಿಂದ ಒಂದು ಇಂಗ್ಲಿಷ್ ಪತ್ರ ಹೋಗಬೇಕೆಂದೂ, ಕಣ್ಣಾರೆ ನೋಡಿದ ಪದವೀಧರನಾದ್ದರಿಂದ ನಾನೇ ಬರೆದು ಸಹಿ ಹಾಕಬೇಕೆಂದೂ ನಿರ್ಣಯವಾಯಿತು.

ಮರುದಿನ ಕಚೇರಿ ಬಿಟ್ಟವನೇ ಬೈಕುಲ್ಲಾಕ್ಕೆ ಓಡಿದೆ. ಹೋಟೆಲಿಗೆ ಈಗ ರುಬ್ಬುವ ಮಿಶನ್ನು ಬಂದಿದೆ. ಶೀನಣ್ಣ ಅಡುಗೆಮನೆಯ ಮೇಲ್ವಿಚಾರಕ. ನಾನು ಎಲ್ಲ ಹೇಳಿ, 'ಶೀನಣ್ಣ, ನೀನು ಆ ಬೋನನ್ನು ನೋಡಿದ್ದೀಯಲ್ಲ?' ಎಂದು ಕೇಳಿದೆ.

'ಬೋನು ನೋಡಿದ್ದೇನೆ. ರಾಣಿಬಾಗಿನ ಝೂನಲ್ಲಿ. ವಾರದ ರಜೆಗೆ ಹೋಗ್ತಿದ್ದೆನಲ್ಲ.'

'ಸಿನಿಮಾದಲ್ಲಿ?'

'ಸಿನಿಮಾ ನಾನೆಲ್ಲಿ ನೋಡಿದೆ ಮಾರಾಯ?' ಎಂದ ಶೀನಣ್ಣ, ಅಷ್ಟು ಸಹಜವಾಗಿ. 'ಬೆಳಗಾಗುವ ಮೊದಲೇ ಎದ್ದು ರುಬ್ಬುವವನಿಗೆ ಕತ್ತಲೆ ಕೋಣೆ, ಮೇಲೆ ಫ್ಯಾನು, ಬಯ್ಯುವವರು ಯಾರೂ ಇಲ್ಲ. ಅಲ್ಲಿ ಕಣ್ಣು ಬಿಟ್ಕೊಂಡು ಕೂರ್ಲಿಕ್ಕೆ ನಾನೆಂತ ಗೂಬೆಯಾ?'

'ಐದು ವರ್ಷವೂ?'

'ಮೊದಲ ವಾರ ಒಂದು ನೋಡಿದೆ. ನೀನು ಹೇಳಿದ ಆರಂಭಕ್ಕೆ ಅವರ ಕೊನೆ ಹೊಂದಲೇ ಇಲ್ಲ. ಆಮೇಲೆ ಮಲಗೂದೇ ವಾಸಿ ಅಂತ ಕಂಡಿತು.'

'ಹೇಳಬಹುದಿತ್ತಲ್ಲ.'

'ಹೇಗೆ ಹೇಳೂದು? ಅಷ್ಟು ಓದುವ ಹುಡುಗ, ಈರುಳ್ಳಿ ಬಿಟ್ಟು ಬಾಯಿ ತೆರೆದು ಕೂತಿರ್ತಿದ್ದಿ. ಟಿಕೆಟಿನಲ್ಲಿ ಅರ್ಧ ಕೊಟ್ಟವನಿಗೆ ನಿದ್ದೆ ಮಾಡಿ ಬಂದೆ ಅಂತ ಹೇಳ್ಲಿಕ್ಕಾಗ್ತದಾ? ಚಹಾ ಕುಡಿ.'

ಚಹಾ ಕುಡಿದೆ. ಎಪ್ಪತ್ತರ ನಂತರ ಉತ್ತರಾರ್ಧ ಕೆಟ್ಟದ್ದು ಯಾಕೆ ಎಂಬುದು ಆ ಲೋಟ ಮುಗಿಯುವುದರೊಳಗೆ ಸ್ಪಷ್ಟವಾಯಿತು.

ಮನೆಗೆ ಬಂದು ಪತ್ರ ಬರೆಯಲು ಕೂತೆ. ಇಂಗ್ಲಿಷ್ ಸೊಗಸಾಗಿಯೇ ಬಂತು. ಸದರಿ ಭಾಗವನ್ನು ನಾನು ಖುದ್ದಾಗಿ ನೋಡಿರುತ್ತೇನೆ ಎಂಬ ವಾಕ್ಯದ ಕೆಳಗೆ ಸಹಿ, ಸಹಿಯ ಮುಂದೆ ಬಿ.ಎ. ಅಲ್ಲಿ ಪೆನ್ನು ನಿಂತಿತು. ಏನು ಬರೆದಿದೆ ಎಂದು ತಿಳಿಯದೆ ನಮ್ಮಪ್ಪ ಹೆಬ್ಬೆಟ್ಟು ಒತ್ತಿದ ಕಾಗದಗಳಿಂದ ನಮ್ಮ ಮನೆ ಪಟ್ಟ ಪಾಡು ನನಗೆ ಗೊತ್ತು. ನಾನು ಓದು ಕಲಿತದ್ದೇ ಆ ಸಿಟ್ಟಿಗೆ. ಈಗ ತಿಳಿದೂ ತಿಳಿದೂ ಸುಳ್ಳಿಗೆ ಸಹಿ ಹಾಕುವುದಾದರೆ ಹೆಬ್ಬೆಟ್ಟೇ ಸಾಕಿತ್ತು. ನನ್ನ ಹೆಂಡತಿ ನನ್ನ ಮುಖ ನೋಡಿ, 'ಹೋಗಿ ಹೇಳಿಬಿಡಿ. ಹೆಚ್ಚೆಂದ್ರೆ ನಗ್ತಾರೆ. ನಾನು ದಿನಾ ನಗೂದಿಲ್ವಾ?' ಎಂದಳು.

ಮುಂದಿನ ಸಭೆಯಲ್ಲಿ ಹೇಳಿದೆ. ಪಾಸು, ಫ್ಯಾನು, ಈರುಳ್ಳಿ, ಯಾವುದನ್ನೂ ಬಿಡಲಿಲ್ಲ. ನಾನು ಹೋಟೆಲಿನಲ್ಲಿ ಟೇಬಲ್ ಒರೆಸಿದವನೆಂಬುದು ಕೂಡ ಅಲ್ಲಿ ಹಲವರಿಗೆ ಅವತ್ತೇ ಗೊತ್ತಾದದ್ದು. ಬ್ಯಾಂಕಿನ ಅಧಿಕಾರಿಯೊಬ್ಬರು, 'ಹಾಗಾದರೆ ನೀವು ಹೇಳುತ್ತಿದ್ದ ಉಳಿದ ಚಿತ್ರಗಳು?' ಎಂದರು.

'ಅವೂ ಅರ್ಧದವರೆಗೆ ಸರಿ' ಎಂದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಯ್ಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಆ ರುಬ್ಬುವವರಿಗೆ ಭಾನುವಾರ ಬಿಡುವಿರುತ್ತದೆಯೇ?'

ಚಿತ್ರಶಾಖೆಯ ಸಂಚಾಲಕತ್ವ ಬ್ಯಾಂಕಿನವರಿಗೆ ಹೋಯಿತು. ಅವರು ತರಿಸುವ ವಿದೇಶಿ ಚಿತ್ರಗಳಲ್ಲಿ ಕೊನೆಯೇ ಇರುವುದಿಲ್ಲ. ಒಬ್ಬಾತ ಗೋಡೆ ನೋಡುತ್ತಿರುವಾಗ ದೀಪ ಹತ್ತಿಬಿಡುತ್ತದೆ. ಈಚೆಗೆ ಅಲ್ಲಿ ಹೆಚ್ಚು ಜನ ಸೇರುವುದು ತಿಂಗಳ ಕೊನೆಯ ಭಾನುವಾರ, ಶೀನಣ್ಣನ ಕಾರ್ಯಕ್ರಮಕ್ಕೆ. ಮೊದಲು ನಾನೆದ್ದು ಒಂದು ಚಿತ್ರದ ಪೂರ್ವಾರ್ಧವನ್ನು ಇದ್ದದ್ದು ಇದ್ದ ಹಾಗೆ ವಿವರಿಸಬೇಕು. ಆಗ ಜನ ಕಾಫಿ ಕುಡಿಯುತ್ತಾರೆ. ಬಳಿಕ ಶೀನಣ್ಣ ಎದ್ದು, ತಾನು ನೋಡದ ಉತ್ತರಾರ್ಧವನ್ನು ಹೇಳುತ್ತಾನೆ. ಆಗ ಲೋಟಗಳು ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಕಳೆದ ಸಲ ಮುಂದಿನ ಸಾಲಿನ ಹೆಂಗಸೊಬ್ಬರು ನನ್ನ ಭಾಷಣದ ನಡುವೆಯೇ, 'ಬೇಗ ಇಂಟರ್ವಲ್ಲಿಗೆ ಬನ್ನಿ' ಎಂದರು.

ಈ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯನ್ನೂ ಊರಿಗೆ ಕಳಿಸಿದ್ದೆ. ಅಪ್ಪನ ಮಾತನ್ನು ಮಾಸ್ತರು ಬರೆದ ಕಾರ್ಡು ಮೊನ್ನೆ ಬಂತು. ಎಲ್ಲರೂ ಕ್ಷೇಮ. ಮಳೆ ತಡ. ಕೊನೆಯಲ್ಲಿ ಒಂದು ಸಾಲು: 'ಮೇಲೆ ದೊಡ್ಡ ಅಕ್ಷರದಲ್ಲಿ ಶೀನಪ್ಪ ಎಂದು ಇದೆಯಂತೆ, ನಿನ್ನ ಹೆಸರು ಕೆಳಗೆ ಸಣ್ಣದಾಗಿ. ಅವನು ಯಾವ ಕಾಲೇಜಿನಲ್ಲಿ ಓದಿದ್ದು?'

ಉತ್ತರ ಬರೆಯಬೇಕು. ಓದಿದ ಜಾಗ ನನಗೆ ಸರಿಯಾಗಿ ಗೊತ್ತು: ಬೈಕುಲ್ಲಾದಲ್ಲಿ, ಫ್ಯಾನಿನ ಕೆಳಗೆ. ಐದು ವರ್ಷ ವಾರವಾರ ಮೂರಕ್ಕೆ ಹೋಗಿ ಆ ಸೀಟನ್ನು ಹಿಡಿದಿಟ್ಟು ಕೊಟ್ಟವನು ನಾನೇ.