ಅಗಸಿ ಹಿಂಡಿ ತಿಂದ ಕಾರು

"ಇನ್ನು ಮುಂದ ನಮ್ಮ ಕಾರು ಯಾವ ಗ್ಯಾರೇಜಿನ ಹೊಸ್ತಿಲಾನೂ ತುಳಿಯಂಗಿಲ್ಲ!" ಎಂದು ಆ ಶನಿವಾರ ಬೆಳಿಗ್ಗೆ ಚಹಾದ ಕಪ್ಪನ್ನು ಎತ್ತಿ ಹಿಡಿದು ಘೋಷಿಸಿದೆ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಹೆಸರು ತಿಮೋತಿ. ನೀರು ಯಾಕೆ ಕುದಿಯುತ್ತದೆ, ಲೋಹ ಯಾಕೆ ಹಿಗ್ಗುತ್ತದೆ ಎಂದು ವರ್ಷವಿಡೀ ಕರಿಹಲಗೆಯ ಮುಂದೆ ಗಂಟಲು ಹರಿದುಕೊಳ್ಳುವ ಮನುಷ್ಯ ಒಂದು ರೇಡಿಯೇಟರಿನ ಸೋರಿಕೆ ನಿಲ್ಲಿಸಲಾರನೇ? ನಿಲ್ಲಿಸದಿದ್ದರೆ ಆ ವಿಜ್ಞಾನ ಇದ್ದೇನು ಫಲ!

ನನ್ನ ಹೆಂಡತಿ ರೂತ್ ಈ ಐತಿಹಾಸಿಕ ಘೋಷಣೆಯನ್ನು ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದಳು.

"ಹೋದ ಸಲ ನಳ ರಿಪೇರಿ ಮಾಡೂ ಮುಂದನೂ ಹಿಂಗ ಅಂದಿದ್ರಿ. ಆಮ್ಯಾಲೆ ಮಗ್ಗಲ ಮನಿಯೋರು ನಮ್ಮ ನೀರು ಬಳದು ಹಾಕಾಕ ಬಕೀಟ ಹಿಡ್ಕೊಂಡು ಬಂದ್ರು."

"ಅದು ನಳ ಆಗಿತ್ತು. ಇದು ಇಂಜಿನ್ನು!"

"ಅದಕ್ಕ ಈ ಸಲ ಅಂಜಿಕಿ ಜಾಸ್ತಿ ಆಗೇತಿ."

ಕಾರಿನ ವಿಷಯ ಹೇಳಿಬಿಡುತ್ತೇನೆ. ಅದು ನನ್ನ ಮಾವನವರದು. ಅವರು ಸ್ಟೇರಿಂಗ್ ಹಿಡಿಯುವುದನ್ನು ಬಿಟ್ಟ ಮೇಲೆ ಬೆಂಗೇರಿಯ ನಮ್ಮ ಅಂಗಳಕ್ಕೆ ಬಂತು. ಇತ್ತೀಚೆಗೆ ಅದು ನಿಂತಲ್ಲೆಲ್ಲ ಹಸಿರು ಹನಿ ಉದುರಿಸತೊಡಗಿತ್ತು. ಇಂಜಿನ್ ತಂಪಾಗಿಡುವ ಕೂಲಂಟ್ ಅದು. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಶಾಬುದ್ದೀನ ಬಗ್ಗಿ ನೋಡಿ, "ಸಣ್ಣ ತೂತು ಬಿದ್ದಾವ್ರಿ ಸರ. ಹೊಸಾ ರೇಡಿಯೇಟರ್ ಹಾಕ್ಸ್ರಿ. ಇಲ್ಲಾಂದ್ರ ನಮ್ಮಜ್ಜಾನ ಕಾಲದಾಗ ಮಾಡ್ತಿದ್ರಲ್ರಿ, ಹಂಗ ಅಗಸಿ ಹಿಟ್ಟು ಹಾಕ್ಕೊಂಡು ಓಡಿಸ್ರಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನು ನಕ್ಕ, ನಾನು ನಗಲಿಲ್ಲ. ಅಗಸಿ ಬೀಜದ ಹಿಟ್ಟು ನೀರು ಕುಡಿದರೆ ಊದುತ್ತದೆ, ಲೋಳೆಯಾಗುತ್ತದೆ, ತೂತಿಗೆ ಹೋಗಿ ಅಂಟಿ ಕೂಡುತ್ತದೆ. ಶುದ್ಧ ವಿಜ್ಞಾನ! ಇದರಲ್ಲಿ ನಗುವುದೇನಿದೆ?

ಆದರೆ ನಮ್ಮ ಮನೆಯಲ್ಲಿ ಅಗಸಿ ಹಿಟ್ಟು ಎಂಬುದು ಇರಲಿಲ್ಲ. ಇದ್ದದ್ದು ಅಗಸಿ ಹಿಂಡಿ. ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿ. ಅದೂ ಅಂತಿಂಥ ಹಿಂಡಿಯಲ್ಲ, ರೂತ್ ಮಾಡಿದ್ದು! ಮರುದಿನ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಸಭೆಯವರೆಲ್ಲ ತಾವು ಬೆಳೆದದ್ದು, ಮಾಡಿದ್ದು ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಲಿಲಾವು, ಅಂದರೆ ಹರಾಜು, ಕೂಗುತ್ತಾರೆ. ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು ಕೂಗುವುದನ್ನು ನೋಡುವುದೇ ಒಂದು ಮಜಾ. ಅಂಥ ಲಿಲಾವಿನಲ್ಲಿ ಕಟ್ಟಕಡೆಗೆ, ಕಾಯಿಸಿ ಕಾಯಿಸಿ ಎತ್ತುವ ಸಾಮಾನು ಎಂದರೆ ರೂತಳ ಹಿಂಡಿಯ ಡಬ್ಬಿ. ಈ ಸಲ ದೇಶಪಾಂಡೆ ನಗರದ ಈವ್ಲಿನ್ ತನ್ನ ಲಿಂಬಿ ಉಪ್ಪಿನಕಾಯಿಯಿಂದ ಆ ಗೌರವ ಕಿತ್ತುಕೊಳ್ಳುತ್ತಾಳೆ ಎಂಬ ಸುದ್ದಿ ಬೇರೆ ಹಬ್ಬಿತ್ತು. ಹಾಗಾಗಿ ರೂತ್ ವಾರವಿಡೀ ಅಗಸಿಯನ್ನು ಹುರಿದದ್ದೇನು, ಕುಟ್ಟಿದ್ದೇನು!

ಮಧ್ಯಾಹ್ನ ಅವಳು ಚರ್ಚ್ ಅಲಂಕಾರಕ್ಕೆ ಹೊರಟಳು. "ಡಬ್ಬಿ ಮುಟ್ಟಬ್ಯಾಡ್ರಿ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಳು. ನಾನು ಮುಟ್ಟಬಾರದೆಂದೇ ಇದ್ದೆ. ಆದರೆ ಒಂದೇ ಒಂದು ಚಮಚ ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಅಗಸಿ ಅಂದರೆ ಅಗಸಿ; ಬೆಳ್ಳುಳ್ಳಿ, ಖಾರ, ಜೀರಿಗೆ ಎಲ್ಲ ಮೇಲಿನ ಅಲಂಕಾರ!

ರೇಡಿಯೇಟರಿಗೆ ಒಂದು ಚಮಚ ಹಾಕಿ ಇಂಜಿನ್ ಓಡಿಸಿದೆ. ಹನಿ ಬೀಳುವುದು ಕಡಿಮೆಯಾಯಿತು! ಆಹಾ! ಇನ್ನೊಂದು ಹಾಕಿದೆ. ಇನ್ನೂ ಕಡಿಮೆಯಾಯಿತು. ಯುದ್ಧ ಗೆಲ್ಲುತ್ತಿರುವ ಸೇನಾಪತಿ ಅರ್ಧಕ್ಕೆ ನಿಲ್ಲುತ್ತಾನೆಯೇ? ಮತ್ತೊಂದು, ಮಗದೊಂದು ಎನ್ನುತ್ತಾ ಹೋದೆ. ಸೋರಿಕೆ ಪೂರ್ತಿ ನಿಂತಿತು! ಕುಣಿಯಬೇಕೆಂದು ಕಾಲೆತ್ತಿದೆ. ಆಗಲೇ ಡಬ್ಬಿಯ ತಳಕ್ಕೆ ಚಮಚ ಬಡಿದು ಟಣ್ ಎಂದಿತು.

ಎತ್ತಿದ ಕಾಲು ನೆಲಕ್ಕೆ ಇಳಿಯುವ ಮುಂಚೆ ನಾನು ಪೇಟೆಯಲ್ಲಿದ್ದೆ ಎಂದರೂ ನಡೆದೀತು. ಮೊದಲು ಸಿಕ್ಕ ಅಂಗಡಿಯಲ್ಲಿ ಅಗಸಿ ಹಿಂಡಿ ತಂದು ಡಬ್ಬಿಗೆ ಸುರಿದೆ. ಅದೇ ಬಣ್ಣ, ಅದೇ ಪುಡಿ. ನೋಡಿದರೆ ದೇವದೂತರಿಗೂ ಗೊತ್ತಾಗದು!

ರವಿವಾರ ಬೆಳಿಗ್ಗೆ ಸವಾರಿ ಹೊರಟಿತು. ಮುಂದೆ ನಾನು, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ರೂತ್, ಹಿಂದೆ ನನ್ನ ಅತ್ತೆ ರಾಜರತ್ನಮ್ಮ. ಕಾರಿನ ಕೆಳಗೆ ಒಂದು ಹನಿಯೂ ಇರಲಿಲ್ಲ.

"ನೋಡಿದ್ಯಾ?" ಎಂದೆ.

"ನೋಡಿದ್ನಿ. ಚರ್ಚ್ ಮುಟ್ಟಿದ ಮ್ಯಾಲೆ ಹೊಗಳ್ತೇನಿ."

ಅರ್ಧ ದಾರಿಗೆ ಅತ್ತೆ ಮೂಗರಳಿಸಿದರು. "ಏನ್ ಘಮಾ ಐತಿ ರೂತವ್ವಾ! ಈ ವರ್ಷ ನಿನ್ನ ಹಿಂಡಿ ನನ್ನ ಹಿಂಡೀನೂ ಮೀರಿಸೇತಿ ನೋಡ!"

ರೂತ್ ಹಿಗ್ಗಿದಳು. ನಾನು ಕಿಟಕಿಯ ಗಾಜು ಇಳಿಸಿದೆ. ವಾಸನೆ ಇನ್ನೂ ಜೋರಾಯಿತು. ಅಗಸಿ ತೂತುಗಳನ್ನು ಮಾತ್ರ ಮುಚ್ಚಿರಲಿಲ್ಲ; ನೀರು ಓಡಾಡುವ ಕೊಳವೆಗಳನ್ನೂ ಮುಚ್ಚಿಬಿಟ್ಟಿತ್ತು! ಇಂಜಿನ್ ಒಳಗೆ ನನ್ನ ಹೆಂಡತಿಯ ಹಿಂಡಿ ಕೊತಕೊತ ಕುದಿಯುತ್ತಿತ್ತು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಏರುತ್ತಿತ್ತು.

"ರೀ, ಒಂದ್ ಮಾತು" ಎಂದಳು ರೂತ್ ನಿಧಾನವಾಗಿ. "ಡಬ್ಬಿ ನನ್ನ ತೊಡೀ ಮ್ಯಾಲ ಐತಿ. ಮುಚ್ಚಳಾ ಬಿಗಿ ಐತಿ. ಮತ್ತ ವಾಸನಿ ಬಾನೆಟ್ಟಿನ ಕಡಿಂದ ಯಾಕ ಬರಾಕತ್ತೇತಿ?"

"ಗಾಳಿ... ಗಾಳಿ ಹಂಗ ತಿರುಗೇತಿ."

ಅವಳು ಮುಚ್ಚಳ ತೆಗೆದು ಚಿಟಿಕೆ ಹಿಂಡಿಯನ್ನು ಬಾಯಿಗೆ ಹಾಕಿಕೊಂಡಳು. ಹಿಂದಕ್ಕೆ ಕೈ ಚಾಚಿ ತಾಯಿಗೂ ಕೊಟ್ಟಳು. ಅತ್ತೆ ಚಪ್ಪರಿಸಿ ನೋಡಿ, "ಇದು ಯಾರ ಹಿಂಡಿ ಅಳಿಯಂದ್ರ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಉತ್ತರ ಹೇಳುವ ಕಷ್ಟ ನನಗೆ ಬರಲಿಲ್ಲ. ಚರ್ಚಿನ ಗೇಟಿನೊಳಗೆ ಗಾಲಿ ಇಟ್ಟೊಡನೆ ಕಾರು ಭುಸ್ ಎಂದು ನಿಂತಿತು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರಾದ ನೇಥನ್, ಬಿಳಿ ನಿಲುವಂಗಿಯಲ್ಲಿ ಸಹಾಯಕ್ಕೆಂದು ಓಡಿ ಬಂದರು. ನಾನು ಕೆಳಗಿಳಿದು, "ದೂರ ನಿಂದರ್ರಿ ಅಯ್ಯನೋರ, ಬಿಸಿ ಇದ್ದಾಗ ಹತ್ರ ಬರಬಾರ್ದು. ವಿಜ್ಞಾನ!" ಎಂದು ಕೈ ಎತ್ತಿದೆ. ಕೈ ಇಳಿಸುವುದರೊಳಗೆ ರಬ್ಬರ್ ಪೈಪು ಕಿತ್ತು, ಬಾನೆಟ್ಟಿನ ಸಂದಿಯಿಂದ ಕಂದು ಬಣ್ಣದ ಕಾರಂಜಿ ಹಾರಿತು! ಪುಣ್ಯಕ್ಕೆ ಅವರು ದೂರವಿದ್ದರು, ಸುಡಲಿಲ್ಲ. ಆದರೆ ನಿಲುವಂಗಿಯ ತುಂಬ ಚುಕ್ಕಿ ಚುಕ್ಕಿ ಅಗಸಿ ಕುಳಿತಿತು. ಖಾರದ ಹಬೆಗೆ ಬಾಗಿಲಲ್ಲಿ ನಿಂತ ಗಾಯನ ತಂಡ ಸಾಲಾಗಿ ಸೀನಿತು.

ಅಯ್ಯನವರು ತಮ್ಮ ತೋಳು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

"ಇದು ರೂತಮ್ಮಾರ ಹಿಂಡಿ ಅಲ್ಲೇನ್ರಿ?"

ರೂತ್ ನನ್ನನ್ನು ಬೈಯಲಿಲ್ಲ. ಡಬ್ಬಿ ಎದೆಗವಚಿಕೊಂಡು ಸುಮ್ಮನೆ ಒಳಗೆ ಹೋದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ವಾರವಿಡೀ ಕುಟ್ಟಿದ ಅವಳ ಕೈ ನೆನಪಾಗಿ ಆಗ ನನಗೆ ಖರೇ ಖರೇ ನಾಚಿಕೆಯಾಯಿತು. ಆ ದಿನದ ಪ್ರಸಂಗ, ಅಂದರೆ ಅಯ್ಯನವರ ಬೋಧನೆ, ಎಂದಿಗಿಂತ ಬೇಗ ಮುಗಿಯಿತು. ಅಯ್ಯನವರ ತೋಳಿನಿಂದ ಬರುತ್ತಿದ್ದ ಬೆಳ್ಳುಳ್ಳಿ ಘಮಕ್ಕೆ ಸಭೆಗೆ ಸಭೆಯೇ ಹಸಿದಿತ್ತು, ಅವರೂ ಹಸಿದಿದ್ದರು.

ಲಿಲಾವಿನಲ್ಲಿ ಈವ್ಲಿನಳ ಉಪ್ಪಿನಕಾಯಿ ಭರ್ಜರಿಯಾಗಿ ಹೋಯಿತು. ಈವ್ಲಿನ್ ಹೆಂಗಸರ ಬೆಂಚಿನಲ್ಲಿ ನೆಟ್ಟಗೆ ಕುಳಿತಳು. ಕಡೆಗೆ ಅಯ್ಯನವರು, "ರೂತಮ್ಮಾರ ಡಬ್ಬಿ ತರ್ರಿ" ಎಂದರು. ರೂತ್ ಎದ್ದು ಹೋದಳು. ಮೇಜಿನ ಮೇಲೆ ಡಬ್ಬಿ ಇಡಲಿಲ್ಲ. ಗಡಿಬಿಡಿಯಲ್ಲಿ ನಾನು ಗಾಡಿಯಲ್ಲೇ ಬಿಟ್ಟಿದ್ದ ಕಾರಿನ ಕೀಲಿ ಇಟ್ಟಳು!

"ಅಂಗಡಿ ಹಿಂಡಿ ನಾ ದೇವರ ಮುಂದ ಇಡಂಗಿಲ್ರಿ ಅಯ್ಯನೋರ. ನನ್ನ ಹಿಂಡಿ ಹೊರಗ ನಿಂತ ಗಾಡಿಯಾಗ ಐತಿ. ಈಗ ಆ ಗಾಡೀನ ನನ್ನ ಡಬ್ಬಿ; ಡಬ್ಬಿ ಸಮೇತ ಲಿಲಾವು ಮಾಡ್ರಿ!"

ಚರ್ಚಿನ ಹಂಚು ಹಾರುವಂತೆ ಸಭೆ ನಕ್ಕಿತು. ಈವ್ಲಿನಳೂ ಚಪ್ಪಾಳೆ ತಟ್ಟಿದಳು. ನಾನು ಎದ್ದು ನಿಂತು ನನ್ನದೇ ಕಾರಿಗೆ ನಾನೇ ಕೂಗಿದೆ. ಹೆಂಗಸರ ಕಡೆಯಿಂದ ಯಾರೋ ನನಗಿಂತ ಹೆಚ್ಚಿಗೆ ಕೂಗಿದರು. ನಾನು ಏರಿಸಿದೆ, ಅವರೂ ಏರಿಸಿದರು. ಯಾರಪ್ಪಾ ಈ ವೈರಿ ಎಂದು ತಿರುಗಿ ನೋಡಿದರೆ ರೂತ್! ಕೈಯಲ್ಲಿ ನನ್ನದೇ ಪಾಕೀಟು! ಚರ್ಚಿಗೆ ಬರುವಾಗ ಅದು ಯಾವತ್ತೂ ಅವಳ ಬ್ಯಾಗಿನಲ್ಲೇ ಇರುತ್ತದೆ. ಎರಡೂ ಕಡೆ ಕೂಗುತ್ತಿದ್ದದ್ದು ನನ್ನ ಪಗಾರವೇ ಎಂದು ತಿಳಿದ ಮೇಲೆ ನಾನು ತೆಪ್ಪಗೆ ಕುಳಿತೆ.

"ರೂತಮ್ಮಾರಿಗೆ!" ಎಂದು ಅಯ್ಯನವರು ಮೇಜು ಗುದ್ದಿದರು. ಉಪ್ಪಿನಕಾಯಿ ಆ ಗದ್ದಲದಲ್ಲಿ ಯಾರಿಗೂ ನೆನಪಿರಲಿಲ್ಲ.

ಕಾರನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆವು. ಊಟಕ್ಕೆ ಕುಳಿತಾಗ ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ರೂತಳ ಮುಖ ತುಸು ತಿಳಿಯಾಗಿತ್ತು. ಧೈರ್ಯ ಮಾಡಿದೆ.

"ರೂತ, ಒಂದ್ ಚೂರು ಹಿಂಡಿ ಇದ್ರ..."

ಅವಳು ಸೊಂಟದಿಂದ ಕೀಲಿ ತೆಗೆದು ನನ್ನ ತಾಟಿನಲ್ಲಿ, ಮೊಸರಿನ ಪಕ್ಕಕ್ಕೆ ಇಟ್ಟಳು.

"ಲಗೂ ಹೋಗಿ ಬಡಿಸ್ಕೋರಿ. ಫೋನ್ ಮಾಡೇನಿ, ಶಾಬುದ್ದೀನ ರೇಡಿಯೇಟರ್ ತೊಳ್ಯಾಕ ಹೊಂಟಾನಂತ!"